ಮೂಕಿ ಚಿತ್ರದ ಮೇಸ್ತ್ರಿ: ಕೊಲ್ಲಾಪುರದ ಬಾಬುರಾವ್ ಪೇಂಟರ್

ಕೀಚಕ ವಧೆ ಆಟ ನೋಡದವರು ನಮ್ಮ ಕಾಸರಗೋಡಿನ ಕಡೆ ಕಡಿಮೆ. ಪಾಂಡವರು ವಿರಾಟನಗರದಲ್ಲಿ ವೇಷ ಮರೆಸಿಕೊಂಡು ಇರುವುದು, ದ್ರೌಪದಿ ಸೈರಂಧ್ರಿ ಎಂಬ ಹೆಸರಿನಲ್ಲಿ ರಾಣಿಯ ಊಳಿಗಕ್ಕೆ ನಿಲ್ಲುವುದು, ರಾಣಿಯ ಒಡಹುಟ್ಟಿದ ಕೀಚಕ ಅವಳ ಮೇಲೆ ಕಣ್ಣು ಹಾಕುವುದು, ಕೊನೆಗೆ ಅಡಿಗೆಯ ವಲಲ ನಾಟ್ಯಶಾಲೆಯ ಕತ್ತಲೆಯಲ್ಲಿ ಕಾದು ಕೂತು ಅವನನ್ನು ಮುಗಿಸುವುದು. ಚೆಂಡೆಯ ಪೆಟ್ಟು ಏರುವ ಆ ಹೊತ್ತಿಗೆ ಚಾಪೆಯಲ್ಲಿ ನಿದ್ದೆ ಹೋದ ಮಕ್ಕಳೂ ಎದ್ದು ಕೂರುತ್ತಾರೆ.

ಇದೇ ಕಥೆಯನ್ನು 1920ರಲ್ಲಿ ಒಬ್ಬರು ಚೆಂಡೆ ಇಲ್ಲದೆ, ಪದ ಇಲ್ಲದೆ, ಅರ್ಥ ಇಲ್ಲದೆ, ಒಂದು ಸೊಲ್ಲೂ ಕೇಳಿಸದೆ ಜನರಿಗೆ ತೋರಿಸಿದರು. ಅದು ಮೂಕಿ ಚಿತ್ರ. ಹೆಸರು 'ಸೈರಂಧ್ರಿ'. ತೆಗೆದವರು ಕೊಲ್ಲಾಪುರದ ಬಾಬುರಾವ್ ಪೇಂಟರ್. ಬಾಯಿ ಇದ್ದು ಹಾಡುವವನು ನಾನು. ಬಾಯಿ ಇಲ್ಲದೆ ಕಥೆ ಹೇಳಿದ ಈ ಮನುಷ್ಯನ ವಿಚಾರ ಓದಿದ ಮೇಲೆ ಇವರ ಬಗ್ಗೆ ನಮ್ಮ ಊರಿನವರಿಗೂ ತಿಳಿಯಬೇಕು ಎಂದು ನನಗೆ ಕಂಡಿತು. ಕೊಲ್ಲಾಪುರ ಮರಾಠಿ ನಾಡಾದರೂ ನಮಗೆ ತೀರಾ ಹೊರಗಿನದ್ದಲ್ಲ. ಬೆಳಗಾವಿಗೆ ತಾಗಿಕೊಂಡ ಗಡಿ ಜಿಲ್ಲೆ ಅದು. ಅಲ್ಲಿಯೂ ಕನ್ನಡ ಮಾತಾಡುವವರು ಇದ್ದಾರೆ. ನಾವು ಮಲಯಾಳದ ಗಡಿಯಲ್ಲಿ ಇರುವ ಹಾಗೆ ಅವರು ಮರಾಠಿಯ ಗಡಿಯಲ್ಲಿ. ಅಷ್ಟೇ ಅಲ್ಲ, ಕನ್ನಡ ಸಿನಿಮಾ ಮೊದಲು ಬಾಯಿ ಬಿಟ್ಟದ್ದೂ ಅದೇ ಕೊಲ್ಲಾಪುರದಲ್ಲಿ. ಆ ಮಾತು ಮುಂದೆ ಬರುತ್ತದೆ.

ಬಾಬುರಾಯರು ಹುಟ್ಟಿದ್ದು 1890ರ ಜೂನ್ 3ರಂದು. ಮನೆತನದ ಹೆಸರು ಮೇಸ್ತ್ರಿ. ನಾವು ಕಲ್ಲು ಕಟ್ಟುವವರನ್ನು, ಕೆಲಸ ಮಾಡಿಸುವವರನ್ನು ಮೇಸ್ತ್ರಿ ಎನ್ನುತ್ತೇವಲ್ಲ, ಅದೇ ಶಬ್ದ. ಕೈಕೆಲಸದ ಕುಲ. ಚಿತ್ರ ಬರೆಯುವುದನ್ನು, ಮೂರ್ತಿ ಮಾಡುವುದನ್ನು ಅವರು ಯಾವ ದೊಡ್ಡ ಶಾಲೆಗೂ ಹೋಗದೆ ತಾನಾಗಿ ಕಲಿತರು. ಅಣ್ಣನ ವರಸೆಯ ಆನಂದರಾವ್ ಎಂಬವರು ಜೊತೆಗಿದ್ದರು. ಇಬ್ಬರೂ ಸೇರಿ ನಾಟಕ ಕಂಪೆನಿಗಳಿಗೆ ಪರದೆ ಬರೆಯುತ್ತಿದ್ದರು. ಹಾಗಾಗಿ 'ಪೇಂಟರ್' ಎಂಬುದೇ ಹೆಸರಿಗೆ ಅಂಟಿಕೊಂಡಿತು.

ಪರದೆ ಬರೆಯುವುದು ಎಂದರೆ ಏನು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ಆಗಿನ ಮರಾಠಿ ಸಂಗೀತ ನಾಟಕಗಳಲ್ಲಿ, ಪಾರ್ಸಿ ನಾಟಕಗಳಲ್ಲಿ ರಂಗದ ಹಿಂದೆ ದೊಡ್ಡ ಬಟ್ಟೆ ಇಳಿಬಿಡುತ್ತಿದ್ದರು. ಒಂದರಲ್ಲಿ ಅರಮನೆ, ಒಂದರಲ್ಲಿ ಉದ್ಯಾನ, ಒಂದರಲ್ಲಿ ಕಾಡು, ಇನ್ನೊಂದರಲ್ಲಿ ರಾಜಬೀದಿ. ಬಟ್ಟೆ ಚಪ್ಪಟೆ, ಆದರೆ ನೋಡುವವನಿಗೆ ಕಂಬದ ಹಿಂದೆ ಕಂಬ ದೂರ ಹೋದ ಹಾಗೆ ಕಾಣಬೇಕು. ನಮ್ಮ ಬಯಲಾಟಕ್ಕೆ ಈ ತೊಂದರೆ ಇಲ್ಲ. ನಾಲ್ಕು ಕಂಬ ನೆಟ್ಟು ಮಾವಿನ ಸೊಪ್ಪು ಕಟ್ಟಿದರೆ ಅದೇ ಅಯೋಧ್ಯೆ, ಅದೇ ಲಂಕೆ. ಉಳಿದದ್ದನ್ನು ಭಾಗವತರ ಪದ ಮತ್ತು ಅರ್ಥಧಾರಿಯ ಮಾತು ಕಟ್ಟಿಕೊಡುತ್ತದೆ. ನಾಟಕದವರಿಗೆ ಹಾಗಲ್ಲ, ಕಣ್ಣಿಗೆ ಕಾಣಬೇಕು. 1910ರಿಂದ 1916ರ ತನಕ ಪಶ್ಚಿಮ ಭಾರತದಲ್ಲಿ ಈ ಅಣ್ಣತಮ್ಮಂದಿರ ಪರದೆಗೆ ದೊಡ್ಡ ಹೆಸರು ಇತ್ತು.

ಅಷ್ಟರಲ್ಲಿ 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂತು. ನಮ್ಮ ದೇಶದವರೇ ತೆಗೆದ ಕಥೆಯ ಸಿನಿಮಾ. ಅದನ್ನು ನೋಡಿದ ಮೇಲೆ ಇಬ್ಬರಿಗೂ ಸಿನಿಮಾದ ಹುಚ್ಚು ಹಿಡಿಯಿತು. ಮುಂಬಯಿಯಿಂದ ಚಿತ್ರ ತೋರಿಸುವ ಒಂದು ಯಂತ್ರ ತಂದರು. ಊರಲ್ಲಿ ಸಿನಿಮಾ ತೋರಿಸಿದರು. ತೋರಿಸಿದರೆ ಸಾಲದು, ತೆಗೆಯಬೇಕು ಎಂದು ಮನಸ್ಸಾಯಿತು. ತೆಗೆಯುವುದಕ್ಕೆ ಕ್ಯಾಮರಾ ಬೇಕು. ಅದು ವಿಲಾಯತಿಯಿಂದ ಬರಬೇಕು, ಕೈಯಲ್ಲಿ ಅಷ್ಟು ದುಡ್ಡಿಲ್ಲ. ಆಗ ಮಹಾಯುದ್ಧದ ಕಾಲ ಬೇರೆ. ಹಾಗಾದರೆ ನಾವೇ ಮಾಡುವ ಎಂದು ಆನಂದರಾಯರು ಹೊರಟರು. ಅರ್ಧ ಕೆಲಸ ಆಗುವಾಗ, 1916ರಲ್ಲಿ, ಅವರು ತೀರಿಹೋದರು.

ಬಾಬುರಾಯರು ಬಿಡಲಿಲ್ಲ. ವಿಷ್ಣುಪಂತ ದಾಮ್ಲೆ ಎಂಬ ಶಿಷ್ಯನನ್ನು ಜೊತೆಗೆ ಸೇರಿಸಿಕೊಂಡು ಕ್ಯಾಮರಾ ಪೂರ್ತಿ ಮಾಡಿಯೇ ಬಿಟ್ಟರು. ಅದು 1918. ಇದು ಸಣ್ಣ ಕೆಲಸ ಅಲ್ಲ. ಆ ಕಾಲದ ಕ್ಯಾಮರಾ ಎಂದರೆ ಒಂದು ಪೆಟ್ಟಿಗೆ, ಬದಿಯಲ್ಲಿ ಕೈಯಿಂದ ತಿರುಗಿಸುವ ಹಿಡಿ. ಒಳಗೆ ಅಂಚಿನಲ್ಲಿ ತೂತು ಇರುವ ಫಿಲ್ಮಿನ ಪಟ್ಟಿ. ಹಿಡಿ ತಿರುಗಿಸಿದಾಗ ಪಟ್ಟಿ ಒಂದೊಂದೇ ಮನೆ ಇಳಿಯಬೇಕು, ಬೆಳಕು ಬೀಳುವಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕು, ಪುನಃ ಇಳಿಯಬೇಕು. ಒಂದು ಸೆಕೆಂಡಿಗೆ ಸುಮಾರು ಹದಿನಾರು ಸಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಪರದೆಯಲ್ಲಿ ಚಿತ್ರ ನಡುಗುತ್ತದೆ. ಕೈಯ ಓಟ ಹೆಚ್ಚಾದರೆ ಆಮೇಲೆ ನೋಡುವಾಗ ಮನುಷ್ಯ ನಿಧಾನ ನಡೆಯುತ್ತಾನೆ, ಕಡಿಮೆಯಾದರೆ ಓಡುತ್ತಾನೆ. ತಾಳ ತಪ್ಪಿದರೆ ಪದ ಕೆಡುವ ಹಾಗೆಯೇ ಇದು. ನಮ್ಮ ದೇಶದಲ್ಲಿ ಕೈಯಾರೆ ಮಾಡಿದ ಮೊದಮೊದಲ ಸಿನಿಮಾ ಕ್ಯಾಮರಾಗಳಲ್ಲಿ ಇದನ್ನು ಎಣಿಸುತ್ತಾರೆ.

ಕ್ಯಾಮರಾ ಆಯಿತು, ದುಡ್ಡು? ಇಲ್ಲಿ ಒಬ್ಬಳು ಹೆಂಗಸಿನ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ತಾನಿಬಾಯಿ ಕಾಗಲ್ಕರ್. ಕೊಲ್ಲಾಪುರದಿಂದ ನಿಪ್ಪಾಣಿಗೆ ಬರುವ ದಾರಿಯಲ್ಲಿ ಕಾಗಲ್ ಎಂಬ ಪೇಟೆ ಉಂಟು, ಆ ಊರಿನ ಹೆಸರು ಹೊತ್ತ ಹಾಡುಗಾರ್ತಿ ಇವರು. ಈ ಮೇಸ್ತ್ರಿಯನ್ನು ನಂಬಿ ದುಡ್ಡು ಕೊಟ್ಟವರು ಇವರೇ. ಹಾಡಿ ಗಳಿಸಿದ ಹಣ. ಮಹಾರಾಷ್ಟ್ರ ಫಿಲ್ಮ್ ಕಂಪೆನಿ ಹುಟ್ಟಿದ್ದು ಹಾಗೆ. ಹಾಡುವವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು. ನಿಲ್ಲದಿದ್ದರೂ ಒಳ್ಳೆಯ ಕಡೆಗೆ ಹೋದರೆ ಎಂತಹ ಕೆಲಸ ಆಗುತ್ತದೆ ನೋಡಿ. ಹಾಡಿನ ದುಡ್ಡಿನಿಂದ ಮಾತೇ ಇಲ್ಲದ ಚಿತ್ರ ಆಯಿತು.

ಮೊದಲು ಸೀತಾ ಸ್ವಯಂವರದ ಕಥೆ ತೆಗೆಯುವ ಎಂದು ನೋಡಿದರು. ಸೀತೆಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಫಾಲ್ಕೆಯವರ ಹರಿಶ್ಚಂದ್ರದಲ್ಲಿ ತಾರಾಮತಿಯಾದದ್ದು ಗಂಡಸು. ನಮ್ಮ ಮೇಳಗಳಲ್ಲಿಯೂ ಸ್ತ್ರೀವೇಷ ಗಂಡಸರದ್ದೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಕ್ಯಾಮರಾ ಹತ್ತಿರ ಬಂದು ಮುಖ ನೋಡುತ್ತದೆ, ಹತ್ತು ಮಾರು ದೂರದ ದೊಂದಿಯ ಬೆಳಕಿನಲ್ಲಿ ನೋಡುವ ಹಾಗೆ ಅಲ್ಲ. ಬಾಬುರಾಯರಿಗೆ ಹೆಂಗಸರೇ ಬೇಕಾಗಿತ್ತು. 'ಸೈರಂಧ್ರಿ'ಗೆ ಗುಲಾಬ್‌ಬಾಯಿ ಮತ್ತು ಅನಸೂಯಾಬಾಯಿ ಎಂಬ ಇಬ್ಬರು ಮುಂದೆ ಬಂದರು. ಸಿನಿಮಾದಲ್ಲಿ ಕಾಣಿಸಿಕೊಂಡದ್ದಕ್ಕೆ ಅವರನ್ನು ಅವರ ಜಾತಿಯವರೇ ಹೊರಗಿಟ್ಟರು. ಆಮೇಲೆ ಅವರು ಸ್ಟುಡಿಯೋದ ಒಳಗೇ ವಾಸ ಮಾಡಬೇಕಾಯಿತು. ಪರದೆಯಲ್ಲಿ ಸೈರಂಧ್ರಿಗೆ ಆದ ಅವಮಾನ ನೋಡಿ ಕಣ್ಣೀರು ಹಾಕುವವರೇ ಹೊರಗೆ ಬಂದರೆ ಅವಳನ್ನು ಮನೆಯ ಜಗಲಿಗೆ ಹತ್ತಿಸುವುದಿಲ್ಲ. ಕಲೆಯ ಚರಿತ್ರೆಯಲ್ಲಿ ಇಂತಹ ಸಂಗತಿ ಎಲ್ಲ ಕಡೆಯೂ ಉಂಟು, ನಮ್ಮಲ್ಲಿಯೂ ಇಲ್ಲ ಎನ್ನುವ ಹಾಗಿಲ್ಲ.

1920ರ ಫೆಬ್ರವರಿಯಲ್ಲಿ ಪುಣೆಯಲ್ಲಿ 'ಸೈರಂಧ್ರಿ' ತೆರೆ ಕಂಡಿತು. ಭೀಮ ಕೀಚಕನನ್ನು ಕೊಲ್ಲುವ ಜಾಗ ಎಷ್ಟು ನಿಜದ ಹಾಗೆ ಇತ್ತೆಂದರೆ ಸೆನ್ಸಾರಿನವರು ಅಡ್ಡಿ ಮಾಡಿ ಅದನ್ನು ತೆಗೆಸಿದರು. ಈ ಕಥೆಯ ಮೇಲೆ ಸರಕಾರಕ್ಕೆ ಮೊದಲೇ ಒಂದು ಕಣ್ಣಿತ್ತು. 1907ರಲ್ಲಿ ಖಾಡಿಲಕರರು 'ಕೀಚಕವಧ' ಎಂಬ ಮರಾಠಿ ನಾಟಕ ಬರೆದಿದ್ದರು. ಅದರಲ್ಲಿ ಕೀಚಕ ಎಂದರೆ ವೈಸರಾಯ್ ಕರ್ಜನ್, ಸೈರಂಧ್ರಿ ಎಂದರೆ ಭಾರತಮಾತೆ ಎಂದು ಜನರು ಅರ್ಥ ಮಾಡಿಕೊಂಡರು. 1910ರಲ್ಲಿ ಬ್ರಿಟಿಷರು ಆ ನಾಟಕ ನಿಷೇಧ ಮಾಡಿದರು. ಹತ್ತು ವರ್ಷ ಕಳೆದು ಅದೇ ಕೀಚಕ ಮಾತಿಲ್ಲದೆ ಪರದೆಗೆ ಬಂದ. ಚಿತ್ರ ನೋಡಿದ ಲೋಕಮಾನ್ಯ ತಿಲಕರು ಬಾಬುರಾಯರಿಗೆ 'ಸಿನಿಮಾ ಕೇಸರಿ' ಎಂಬ ಬಿರುದು ಕೊಟ್ಟರು. ಅದೇ ವರ್ಷ ಆಗಸ್ಟ್ ಒಂದಕ್ಕೆ ತಿಲಕರು ತೀರಿಹೋದರು.

ಈಗ ಇವರ ವಿದ್ಯೆಯ ವಿಚಾರ. ಈ ಸಿನಿಮಾ ಎಂಬುದು ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ ಪಟ್ಟಣದಲ್ಲಿ ಲೂಮಿಯೇರ್ ಅಣ್ಣತಮ್ಮಂದಿರು ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಿದರು. 1896ರ ಜುಲೈ 7ಕ್ಕೆ ಅದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂತು. ಪ್ಯಾರಿಸಿನ ಆ ಮೊದಲ ಆಟ ನೋಡಿದವರಲ್ಲಿ ಜಾರ್ಜ್ ಮೆಲಿಯೆ ಎಂಬ ಒಬ್ಬ ಜಾದೂಗಾರ ಇದ್ದ. ಅವನದ್ದೇ ಒಂದು ಜಾದೂ ನಾಟಕಶಾಲೆ ಇತ್ತು, ಪರದೆ ಬರೆಯುವ ಕೈಯೂ ಇತ್ತು. ಕ್ಯಾಮರಾ ನಿಲ್ಲಿಸಿ ಆಳನ್ನು ಆಚೆ ಕಳಿಸಿ ಪುನಃ ತಿರುಗಿಸಿದರೆ ನೋಡುವವನಿಗೆ ಆಳು ಮಾಯ ಆದ ಹಾಗೆ ಕಾಣುತ್ತದೆ. ಅಂತಹ ನೂರು ಉಪಾಯ ಮಾಡಿ ಐನೂರಕ್ಕೂ ಹೆಚ್ಚು ಚಿತ್ರ ತೆಗೆದ. 1902ರ 'ಚಂದ್ರಲೋಕದ ಯಾತ್ರೆ'ಯಲ್ಲಿ ಚಂದ್ರನ ಕಣ್ಣಿಗೆ ಮದ್ದಿನ ಗುಂಡಿನಂತಹ ವಾಹನ ಹೋಗಿ ನಾಟುವ ಚಿತ್ರ ಲೋಕಪ್ರಸಿದ್ಧ.

ಮೆಲಿಯೆ ಮತ್ತು ಬಾಬುರಾವ್ ಇಬ್ಬರೂ ಬಣ್ಣದ ಕೈಯವರು, ಇಬ್ಬರೂ ನಾಟಕದ ಮನೆಯಿಂದ ಬಂದವರು. ಆದರೆ ಹಿಡಿದ ದಾರಿ ಬೇರೆ. ಮೆಲಿಯೆ ಬರೆದ ಪರದೆಯನ್ನು ಬಿಡಲಿಲ್ಲ, ಅದರ ಮೇಲೆಯೇ ಮಾಯಾಲೋಕ ಕಟ್ಟಿದ. ಬಾಬುರಾಯರು ಪರದೆಯನ್ನೇ ಬಿಟ್ಟರು. ಇದು ನನಗೆ ಬಹಳ ದೊಡ್ಡ ಸಂಗತಿ ಎಂದು ಕಾಣುತ್ತದೆ. ಯಾವ ಕೆಲಸದಿಂದ ಹೆಸರು ಬಂತೋ, ಯಾವ ಕೆಲಸ ಅನ್ನ ಕೊಟ್ಟಿತೋ ಅದು ಇಲ್ಲಿಗೆ ಸಲ್ಲುವುದಿಲ್ಲ ಎಂದು ಕಂಡಾಗ ಬದಿಗಿಡುವುದು ಸುಲಭ ಅಲ್ಲ. ಬಟ್ಟೆಯ ಕಂಬ ಗಾಳಿಗೆ ಅಲ್ಲಾಡಿದರೆ ಕ್ಯಾಮರಾಕ್ಕೆ ಗೊತ್ತಾಗುತ್ತದೆ. ಅವರು ಮರ, ಗಾರೆ ಹಾಕಿ ಗಟ್ಟಿ ಕಂಬ, ಗೋಡೆ, ಬಾಗಿಲು, ಮೆಟ್ಟಿಲು ಕಟ್ಟಿಸಿದರು. ಆಳು ಒಳಗೆ ಹೋಗಿ ಹೊರಗೆ ಬರುವ ಹಾಗಿನ ಮನೆ. ಜನ ವಾಸ ಇದ್ದದ್ದು ಹೌದು ಎಂದು ಕಾಣಬೇಕು. ಚಿತ್ರ ತೆಗೆಯುವ ಮೊದಲೇ ಯಾರು ಎಲ್ಲಿ ನಿಲ್ಲುವುದು, ಏನು ಉಡುವುದು ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಬೆಳಕಿನಲ್ಲಿಯೂ ಹಾಗೆ. ಅಲ್ಲಿಯ ತನಕ ಬಿಸಿಲಿನಲ್ಲೇ ಚಿತ್ರ ತೆಗೆಯುವುದು. ಮೋಡ ಬಂದರೆ ಕೆಲಸ ನಿಂತಿತು. 1923ರ 'ಸಿಂಹಗಡ'ದಲ್ಲಿ ಅವರು ವಿದ್ಯುತ್ ದೀಪ ಹಚ್ಚಿ ರಾತ್ರಿಯ ದೃಶ್ಯ ತೆಗೆದರು. ಅದು ತಾನಾಜಿ ರಾತ್ರಿಯಲ್ಲಿ ಕೋಟೆ ಹತ್ತಿ ಗೆದ್ದು ಸತ್ತ ಕಥೆ, ಹರಿ ನಾರಾಯಣ ಆಪ್ಟೆಯವರ ಕಾದಂಬರಿಯಿಂದ ತೆಗೆದದ್ದು. ಶಿವಾಜಿಯ ಪಾತ್ರ ಸ್ವತಃ ಬಾಬುರಾಯರದ್ದು. ಜನ ಮುಗಿಬಿದ್ದರು. ಈ ಜನಸಂದಣಿ ನೋಡಿಯೇ ಮುಂಬಯಿ ಸರಕಾರಕ್ಕೆ ಮನರಂಜನೆ ತೆರಿಗೆಯ ಯೋಚನೆ ಬಂತು ಎಂದು ಹೇಳುವವರಿದ್ದಾರೆ. ಇನ್ನು ಸಿನಿಮಾದ ಪೋಸ್ಟರ್. ದೊಡ್ಡ ದೊಡ್ಡ ಪೋಸ್ಟರನ್ನು ಅವರೇ ಬರೆಯುತ್ತಿದ್ದರು. ಕಥೆ ಮತ್ತು ಫೋಟೋ ಇರುವ ಸಣ್ಣ ಪುಸ್ತಕವನ್ನೂ ಅಚ್ಚು ಹಾಕಿಸಿ ಹಂಚುತ್ತಿದ್ದರು. 1924ರ 'ಕಲ್ಯಾಣ ಖಜಿನಾ' ಚಿತ್ರದ ಪೋಸ್ಟರ್ ಈಗ ಉಳಿದಿರುವ ಭಾರತದ ಅತಿ ಹಳೆಯ ಸಿನಿಮಾ ಪೋಸ್ಟರ್‌ಗಳಲ್ಲಿ ಒಂದು.

ಇಷ್ಟೆಲ್ಲ ಪುರಾಣ ಮತ್ತು ರಾಜರ ಕಥೆ. ನಾನು ಈ ಲೇಖನ ಬರೆಯುವುದಕ್ಕೆ ನಿಜವಾದ ಕಾರಣ ಇನ್ನೊಂದು ಚಿತ್ರ. 1925ರಲ್ಲಿ ಅವರು 'ಸಾವಕಾರಿ ಪಾಶ' ತೆಗೆದರು. ಸಾಹುಕಾರನ ಕುಣಿಕೆ ಎಂದು ಅರ್ಥ. ನಾರಾಯಣ ಹರಿ ಆಪ್ಟೆಯವರ ಕಥೆ. ಹಿಂದೆ ಹೇಳಿದ ಆಪ್ಟೆ ಬೇರೆ, ಇವರು ಬೇರೆ. ಒಬ್ಬ ಬಡ ರೈತ ಸಾಲ ಮಾಡುತ್ತಾನೆ, ಸಾಹುಕಾರ ಮೋಸ ಮಾಡಿ ಭೂಮಿ ಎಳೆದುಕೊಳ್ಳುತ್ತಾನೆ, ರೈತ ಊರು ಬಿಟ್ಟು ಪಟ್ಟಣದ ಮಿಲ್ಲಿನಲ್ಲಿ ಕೂಲಿಯಾಗುತ್ತಾನೆ. ದೇವರು ಬಂದು ಕಾಪಾಡುವುದಿಲ್ಲ. ರೈತನ ಪಾತ್ರ ಮಾಡಿದ್ದು ವಿ. ಶಾಂತಾರಾಮ್ ಎಂಬ ಹುಡುಗ. ಈ ಹುಡುಗ ಮೊದಲು ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಅಲ್ಲೇ ಒಂದು ತಗಡಿನ ಸಿನಿಮಾ ಶೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದು, 1920ರಲ್ಲಿ ಬಾಬುರಾಯರ ಕಂಪೆನಿಗೆ ಸೇರಿದ್ದ.

ಆ ಚಿತ್ರದಲ್ಲಿ ಒಂದು ಜಾಗ ಉಂಟಂತೆ. ಕತ್ತಲೆ ಕವಿದ ಗುಡಿಸಲು, ಬೆಳಕು ಎಂಬುದು ಇಷ್ಟೇ ಇಷ್ಟು. ಒಂದು ನಾಯಿ ಮುಖ ಎತ್ತಿ ಊಳಿಡುತ್ತದೆ. ಅಷ್ಟೇ. ಮುಂದೆ ಸ್ವತಃ ಸಿನಿಮಾ ತೆಗೆದು ಪ್ರಸಿದ್ಧರಾದ ಜೆ.ಬಿ.ಎಚ್. ವಾಡಿಯಾ ಎಂಬವರು ಎಷ್ಟೋ ವರ್ಷ ಕಳೆದು ಇದನ್ನು ನೆನಪು ಮಾಡಿಕೊಂಡಿದ್ದಾರೆ. ಚಿತ್ರ ಮಸುಕಾಗಿತ್ತು, ಆ ಗುಡಿಸಲು ಮತ್ತು ನಾಯಿ ಮಾತ್ರ ಮನಸ್ಸಿನಿಂದ ಹೋಗಿರಲಿಲ್ಲ.

ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ಮೂಕಿ ಚಿತ್ರದಲ್ಲಿ ನಾಯಿ ಊಳಿಟ್ಟರೆ ಕೇಳುವುದು ಎಲ್ಲಿಂದ? ಪರದೆಯ ಹತ್ತಿರ ಆಗ ಹಾರ್ಮೋನಿಯಂ, ತಬಲ ಇಟ್ಟುಕೊಂಡು ಕೂರುತ್ತಿದ್ದರು, ಕೆಲವು ಕಡೆ ಬರಹ ಓದಿ ಹೇಳುವವರೂ ಇದ್ದರು. ನಾಯಿಯ ಸ್ವರ ಅವರು ಯಾರೂ ಕೊಟ್ಟದ್ದಲ್ಲ. ನೋಡುವವನ ಕಿವಿಯಲ್ಲಿ ಅದು ಮೊದಲೇ ಇತ್ತು. ಸಾವು ಅಥವಾ ಕೇಡು ಬರುವ ಮನೆಯ ಮುಂದೆ ನಾಯಿ ಊಳಿಡುತ್ತದೆ ಎಂದು ನಮ್ಮ ಹಳ್ಳಿಯಲ್ಲೂ ನಂಬುತ್ತಾರೆ, ಅವರ ಹಳ್ಳಿಯಲ್ಲೂ ನಂಬುತ್ತಾರೆ. ಬಾಬುರಾಯರು ಅದನ್ನು ತಿಳಿದು ಬಾಯಿ ಎತ್ತಿದ ನಾಯಿಯನ್ನು ಮಾತ್ರ ತೋರಿಸಿದರು. ಸ್ವರವನ್ನು ನಾವೇ ತುಂಬಿಕೊಂಡೆವು. ಹಾಡುವವನಿಗೂ ಈ ಪಾಠ ಬೇಕು. ಎಲ್ಲವನ್ನೂ ನಾವೇ ಹೇಳಿಬಿಟ್ಟರೆ ಕೇಳುವವನಿಗೆ ಕೆಲಸ ಇಲ್ಲ. ಪಾಡ್ದನದಲ್ಲಿ ಒಂದು ಸೊಲ್ಲು ಹೇಳಿ ನಿಲ್ಲಿಸುವ ಜಾಗ ಇರುತ್ತದೆ, ಹಿಂದಿನವರು ಎತ್ತಿಕೊಳ್ಳುವ ಮೊದಲಿನ ಒಂದು ಉಸಿರು. ಕಣ್ಣೀರು ಬರುವುದಿದ್ದರೆ ಆ ಉಸಿರಿನಲ್ಲಿ ಬರುತ್ತದೆ.

ಮತ್ತೆ ಸಾಲದ ವಿಚಾರ. ನನ್ನ ಅಜ್ಜ ಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಧಣಿಗಳಿಗೆ ಅಳೆಯಬೇಕು, ಮಳೆ ಕೈಕೊಟ್ಟರೂ ಅಳೆಯಬೇಕು. ಅದರ ಮೇಲೆ ಒಂದು ಮದುವೆಗೆಂದು ಅಜ್ಜ ಬೇರೊಬ್ಬರಿಂದ ಸಾಲ ತಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಎಷ್ಟು ಬರೆದಿದೆ ಎಂದು ಅವರಿಗೆ ಓದಲು ಬರುತ್ತಿರಲಿಲ್ಲ. ಸ್ವಂತದ್ದು ಎಂದು ಇದ್ದ ಒಂದು ತುಂಡು ಬೈಲು ಗದ್ದೆ ಹಾಗೆ ಹೋಯಿತು. ಅಪ್ಪ ಈ ಕಥೆ ಹೇಳುವಾಗ ಆ ಗದ್ದೆಯ ಹುಣಿಯಲ್ಲಿ ಇದ್ದ ಒಂದು ಕಾಟುಮಾವಿನ ಮರದ ಹೆಸರು ಹೇಳಿ ನಿಲ್ಲಿಸುತ್ತಿದ್ದರು, ಮುಂದೆ ಹೇಳುತ್ತಿರಲಿಲ್ಲ. ಕೇರಳದ ಭೂಸುಧಾರಣೆ ಕಾನೂನು ಬಂದು 1970ರ ಜನವರಿ ಒಂದಕ್ಕೆ ಗೇಣಿ ಪದ್ಧತಿ ನಿಂತ ಮೇಲೆಯೇ ನಮಗೆ ನಮ್ಮದು ಎಂಬ ನೆಲ ಆದದ್ದು. ಹಾಗಾಗಿ 'ಸಾವಕಾರಿ ಪಾಶ'ದ ಕಥೆ ನನಗೆ ಕೊಲ್ಲಾಪುರದ್ದು ಎಂದು ಅನ್ನಿಸಲೇ ಇಲ್ಲ.

ನಮ್ಮ ಜಿಲ್ಲೆಯ ಕಯ್ಯೂರಿನಲ್ಲಿ ರೈತರು ಎದ್ದು ನಿಂತದ್ದು 1941ರಲ್ಲಿ. ನಾಲ್ಕು ಮಂದಿ ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆ ಕಥೆ ನಿರಂಜನರ ಕೈಯಲ್ಲಿ 'ಚಿರಸ್ಮರಣೆ' ಎಂಬ ಕಾದಂಬರಿಯಾಗಿ 1955ರಲ್ಲಿ ಕನ್ನಡಕ್ಕೆ ಬಂತು. ನಮ್ಮ ವಾಚನಾಲಯದಲ್ಲಿ ಹೆಚ್ಚು ಕೈ ಬದಲಾಯಿಸಿದ ಪುಸ್ತಕಗಳಲ್ಲಿ ಅದೂ ಒಂದು. ಅದಕ್ಕಿಂತ ಮೂವತ್ತು ವರ್ಷ ಮೊದಲು, ಎಲ್ಲರೂ ದೇವರ ಸಿನಿಮಾ ನೋಡುವ ಕಾಲದಲ್ಲಿ, ಒಬ್ಬ ಮೇಸ್ತ್ರಿಗೆ ರೈತನ ಗುಡಿಸಲಿನ ಎದುರು ಕ್ಯಾಮರಾ ಇಡಬೇಕು ಎಂದು ತೋಚಿತಲ್ಲ, ಅದು ದೊಡ್ಡದು.

ಆದರೆ ಜನ ಆ ಚಿತ್ರವನ್ನು ಹಿಡಿಸಿಕೊಳ್ಳಲಿಲ್ಲ. ಕೃಷ್ಣ, ಭೀಮ, ಶಿವಾಜಿಯರನ್ನು ನೋಡಿ ಅಭ್ಯಾಸ ಆದವರಿಗೆ ತಮ್ಮದೇ ಗೋಳು ದುಡ್ಡು ಕೊಟ್ಟು ನೋಡುವುದು ಬೇಡವಾಯಿತು. ಚಿತ್ರ ಸೋತಿತು. ಬಾಬುರಾಯರು ಪುನಃ ಪುರಾಣ, ಇತಿಹಾಸಕ್ಕೆ ಹೋದರು. ಜನರನ್ನು ದೂರುವುದಕ್ಕೂ ನನಗೆ ಮನಸ್ಸಿಲ್ಲ. ಇಡೀ ದಿನ ಕೆಸರಿನಲ್ಲಿ ನಿಂತವನಿಗೆ ರಾತ್ರಿ ಕಿರೀಟ ಕಟ್ಟಿದ ವೇಷವೇ ಬೇಕಾಗುವುದು. ಕಾಲ ಕೂಡಿ ಬರದಿದ್ದರೆ ಒಳ್ಳೆಯ ಬಿತ್ತೂ ಮೊಳೆಯುವುದಿಲ್ಲ. ಬಾಬುರಾಯರು ಛಲ ಬಿಡದೆ 1936ರಲ್ಲಿ ಅದೇ ಕಥೆಯನ್ನು ಮಾತು ಸೇರಿಸಿ ಇನ್ನೊಮ್ಮೆ ತೆಗೆದರು.

ಅಷ್ಟರೊಳಗೆ ಕಂಪೆನಿ ಒಡೆದಿತ್ತು. 1929ರಲ್ಲಿ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್ ಎಂಬ ನಾಲ್ಕು ಜನ ಶಿಷ್ಯರು ಹೊರಗೆ ಬಂದು, ಸೀತಾರಾಮ ಕುಲಕರ್ಣಿ ಎಂಬವರನ್ನು ಸೇರಿಸಿಕೊಂಡು ಕೊಲ್ಲಾಪುರದಲ್ಲೇ ಪ್ರಭಾತ್ ಫಿಲ್ಮ್ ಕಂಪೆನಿ ಹಾಕಿದರು. 1931ರಲ್ಲಿ ನಮ್ಮ ದೇಶದಲ್ಲಿ ಟಾಕಿ ಚಿತ್ರ ಬಂತು. ಮೂಕಿಯ ಕಾಲ ಮುಗಿಯಿತು, ಮಹಾರಾಷ್ಟ್ರ ಫಿಲ್ಮ್ ಕಂಪೆನಿಯ ಬಾಗಿಲೂ ಮುಚ್ಚಿತು. ಶಿಷ್ಯರು ಬಿಟ್ಟುಹೋದರು ಎಂದು ಕೇಳುವಾಗ ಬೇಜಾರಾಗುತ್ತದೆ. ಆದರೆ ಆ ಶಿಷ್ಯರು ಮಾಡಿದ್ದೇನು ಎಂದು ನೋಡಬೇಕು. ಕ್ಯಾಮರಾ ಕಟ್ಟಲು ಕೈಕೊಟ್ಟ ಅದೇ ದಾಮ್ಲೆ, ಫತ್ತೇಲಾಲರ ಜೊತೆ ಸೇರಿ 1936ರಲ್ಲಿ 'ಸಂತ ತುಕಾರಾಮ' ತೆಗೆದರು. ಅಭಂಗ ಹಾಡುತ್ತಾ ಸಾಮಾನ್ಯ ಮನುಷ್ಯನ ಹಾಗೆ ನಡೆಯುವ ಆ ತುಕಾರಾಮನ ಚಿತ್ರಕ್ಕೆ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಸಿಕ್ಕಿತು. ಶಾಂತಾರಾಮರು 1937ರಲ್ಲಿ, 'ಸಾವಕಾರಿ ಪಾಶ' ಬರೆದ ಅದೇ ನಾರಾಯಣ ಹರಿ ಆಪ್ಟೆಯವರ ಕಾದಂಬರಿಯಿಂದ 'ಕುಂಕೂ' ತೆಗೆದರು. ಮುದುಕನಿಗೆ ಕಟ್ಟಿದ ಹುಡುಗಿ ಬಗ್ಗದೆ ನಿಲ್ಲುವ ಕಥೆ. ಗುರು ಬಿತ್ತಿದ್ದು ಶಿಷ್ಯರ ಗದ್ದೆಯಲ್ಲಿ ಬೆಳೆಯಿತು. ಪ್ರಭಾತ್ ಆಮೇಲೆ ಪುಣೆಗೆ ಹೋಯಿತು. ಅವರ ಸ್ಟುಡಿಯೋ ಇದ್ದ ಜಾಗದಲ್ಲಿಯೇ ಈಗ ದೇಶದ ಸಿನಿಮಾ ಕಲಿಸುವ ಶಾಲೆ ಇರುವುದು.

ಮೊದಲು ಹೇಳಿದ ಕನ್ನಡದ ಮಾತು ಇಲ್ಲಿ ಬರುತ್ತದೆ. ಬಾಬುರಾಯರು ಮತ್ತು ಶಿಷ್ಯರ ದೆಸೆಯಿಂದ ಕೊಲ್ಲಾಪುರದಲ್ಲಿ ಸ್ಟುಡಿಯೋ, ಕೆಲಸ ಬಲ್ಲ ಕೈ ಎಲ್ಲವೂ ಇತ್ತು. ಬೆಂಗಳೂರಿನಿಂದ ಚಮನ್‌ಲಾಲ್ ಡೂಂಗಾಜಿಯವರು ಕನ್ನಡ ಟಾಕಿ ತೆಗೆಯಲು ಹೊರಟಾಗ ಹೋದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋಕ್ಕೆ. ನಿರ್ದೇಶಕರು ವೈ.ವಿ. ರಾವ್. ಅವರೂ ಮೂಕಿ ಚಿತ್ರದಲ್ಲಿ ಪಳಗಿದವರೇ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬಾ ಪಾತ್ರ ಮಾಡಿದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಬಿಡುಗಡೆಯಾದ ಮೊದಲ ಕನ್ನಡ ಟಾಕಿ ಅದು. ಇಂದ್ರಜಿತುವಿನ ಹೆಂಡತಿಯ ಕಥೆ. ಅದೂ ನಮ್ಮ ಆಟದವರಿಗೆ ಹೊಸದಲ್ಲ.

ಈಗ ಆ 'ಸತಿ ಸುಲೋಚನಾ' ನೋಡುವ ಎಂದರೆ ಸಿಗುವುದಿಲ್ಲ. ಪ್ರತಿ ಉಳಿದಿಲ್ಲ. 1925ರ 'ಸಾವಕಾರಿ ಪಾಶ'ವೂ ಇಲ್ಲ. ನಮ್ಮ ದೇಶದಲ್ಲಿ 1300ರಷ್ಟು ಮೂಕಿ ಚಿತ್ರ ಆಗಿತ್ತು. ಉಳಿದದ್ದು ಬೆರಳೆಣಿಕೆ, ಅದರಲ್ಲೂ ಹೆಚ್ಚಿನವು ತುಂಡು ತುಂಡು. ಆ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುವ ಜಾತಿಯದ್ದು. ಸೆಕೆಗೆ, ಮಳೆಗಾಲದ ತೇವಕ್ಕೆ ತಾನಾಗಿ ಕರಗಿ ಅಂಟಾಗುತ್ತದೆ. ಟಾಕಿ ಬಂದ ಮೇಲೆ ಹಳೆ ಮೂಕಿ ಚಿತ್ರ ಯಾರಿಗೂ ಬೇಡ. ಅದರಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಕೆಲವರು ತೂಕಕ್ಕೆ ಕೊಟ್ಟು ತೊಳೆಸಿ ಬೆಳ್ಳಿ ತೆಗೆಸಿದರು. ಆ ಫ್ರಾನ್ಸಿನ ಮೆಲಿಯೆಯ ಪಾಡೂ ಇದೇ. ಯುದ್ಧದ ಕಾಲದಲ್ಲಿ ಅವನ ಎಷ್ಟೋ ಫಿಲ್ಮನ್ನು ಸೈನ್ಯದವರು ಕರಗಿಸಿ ಬೂಟಿನ ಹಿಮ್ಮಡಿ ಮಾಡಿದರು. ಸಾಲದಲ್ಲಿ ಮುಳುಗಿ 1923ರಲ್ಲಿ ಉಳಿದದ್ದನ್ನು ಅವನೇ ಬೆಂಕಿಗೆ ಹಾಕಿದ. ಆಮೇಲೆ ಪ್ಯಾರಿಸಿನ ಒಂದು ರೈಲು ನಿಲ್ದಾಣದಲ್ಲಿ ಆಟದ ಸಾಮಾನು, ಮಿಠಾಯಿ ಮಾರಿಕೊಂಡು ಕೂತಿದ್ದವನನ್ನು ಪತ್ರಿಕೆಯವರು ಗುರುತಿಸಿದರು. 1931ರಲ್ಲಿ ಸರಕಾರ ಮಾನ ಕೊಟ್ಟಿತು. 1938ರಲ್ಲಿ ತೀರಿಹೋದ.

ನಮ್ಮಲ್ಲಿ ಹಳೆ ಫಿಲ್ಮು ಹುಡುಕಿ ತರುವ ಕೆಲಸಕ್ಕೆ ಜೀವ ತೇಯ್ದವರು ನಮ್ಮ ಕೇರಳದವರೇ, ತಿರುವನಂತಪುರದ ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಅವರು. ಎಲ್ಲೋ ಮೂಲೆಯ ಗೋಡೌನಿನಲ್ಲಿ ಡಬ್ಬಿ ಉಂಟೆಂದು ಕೇಳಿದರೆ ಹೊರಟೇಬಿಡುತ್ತಿದ್ದರು. ಬಾಬುರಾಯರ ಕೆಲಸದಲ್ಲಿ 'ಮುರಳೀವಾಲಾ'ದಂತಹ ಒಂದೆರಡರ ಭಾಗ ಇವತ್ತು ನೋಡಲು ಸಿಗುವುದು ಈ ಸಂಗ್ರಹಾಲಯದ ಕಾರಣದಿಂದ.

ಬಾಬುರಾಯರ ಕೊನೆಗಾಲ ಮೆಲಿಯೆಯಷ್ಟು ಕಷ್ಟದ್ದಲ್ಲ. ಅವರು ತಮ್ಮ ಬಣ್ಣ, ಕುಂಚ, ಮೂರ್ತಿಯ ಕೆಲಸಕ್ಕೆ ಹಿಂದೆ ಹೋದರು. ನಡುವೆ ಒಂದೊಂದು ಚಿತ್ರ. ಒಂದನ್ನು ಮಾತ್ರ ಹೇಳುತ್ತೇನೆ. 1947ರಲ್ಲಿ ಶಿಷ್ಯ ಶಾಂತಾರಾಮರ ರಾಜಕಮಲ್ ಸಂಸ್ಥೆಯಿಂದ 'ಲೋಕಶಾಹೀರ ರಾಮ ಜೋಶಿ' ಬಂತು. ನಿರ್ದೇಶಕರಾಗಿ ಗುರುಶಿಷ್ಯ ಇಬ್ಬರ ಹೆಸರೂ ಉಂಟು. ಸೊಲ್ಲಾಪುರದ ಬ್ರಾಹ್ಮಣ ಮನೆಯ ರಾಮ ಜೋಶಿ ತಮಾಷಾದವರ ಜೊತೆ ಸೇರಿ ಡಫ್ ಹಿಡಿದು ಲಾವಣಿ ಹಾಡಿದ ಕಥೆ. ಮಾತಿಲ್ಲದ ಚಿತ್ರದಿಂದ ಹೊರಟವರು ಒಬ್ಬ ಜಾನಪದ ಹಾಡುಗಾರನ ಕಥೆಗೆ ಬಂದು ಮುಟ್ಟಿದರು. 1954ರ ಜನವರಿ 16ರಂದು ಬಾಬುರಾಯರು ತೀರಿಕೊಂಡರು.

ಇಷ್ಟು ಓದಿದವರು ಕೇಳಬಹುದು, ನೋಡಲು ಸಿಗದ ಚಿತ್ರದ ಬಗ್ಗೆ ಇಷ್ಟು ಮಾತು ಯಾಕೆ ಎಂದು. ನನ್ನ ಅಮ್ಮ ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದಳು. ಅವಳು ಒಂದು ಸೊಲ್ಲು ಹೇಳಿದರೆ ಸಾಲಿನಲ್ಲಿ ಬಗ್ಗಿದ ಉಳಿದ ಹೆಂಗಸರು ಎತ್ತಿಕೊಳ್ಳುವುದು. ಒಂದು ಗದ್ದೆ ಮುಗಿಯುವಾಗ ಒಂದು ಕಥೆ ಮುಗಿಯುತ್ತಿತ್ತು. ಈಗ ಆ ಬೈಲು ಕಂಗಿನ ತೋಟ ಆಗಿದೆ. ತೋಟ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಭತ್ತದಲ್ಲಿ ಗಿಟ್ಟುವುದಿಲ್ಲ, ಎಂತ ಮಾಡುವುದು? ನೇಜಿ ಹೋಯಿತು, ಅದರ ಜೊತೆ ಹಾಡಿನ ಜಾಗವೂ ಹೋಯಿತು. ಅಮ್ಮನ ಸ್ವರ ಯಾವ ಟೇಪಿನಲ್ಲೂ ಇಲ್ಲ. ಒಂದು ಉದ್ದದ ಪಾಡ್ದನದಲ್ಲಿ ನನ್ನ ಹತ್ತಿರ ಉಳಿದದ್ದು ನಡುವಿನ ಒಂದು ತುಂಡು ಮಾತ್ರ. ಹಿಂದೆ ಏನಿತ್ತು, ಮುಂದೆ ಏನಾಯಿತು ಎಂದು ಹೇಳಲು ಈಗ ಯಾರೂ ಇಲ್ಲ.

ವಾಡಿಯಾರಿಗೆ ನಾಯಿ ಉಳಿದ ಹಾಗೆ ನನಗೆ ಆ ತುಂಡು ಉಳಿದಿದೆ. ವೇದಿಕೆಯಲ್ಲಿ ನಾನು ಅದನ್ನೇ ಹಾಡುತ್ತೇನೆ, ಇದು ಪೂರ್ತಿ ಅಲ್ಲ ಎಂದು ಮೊದಲೇ ಹೇಳಿಯೇ ಹಾಡುತ್ತೇನೆ. ಬಾಬುರಾಯರ ಚಿತ್ರ ಹೋದರೂ ಅವರು ಕಲಿಸಿದ ಕೈಗಳು ಕೆಲಸ ಮಾಡಿದವು, ನೋಡಿದ ಒಬ್ಬನ ಬಾಯಿಯಿಂದ ಆ ಗುಡಿಸಲು ನಮ್ಮ ತನಕ ಬಂತು. ಕಲಿಸಬೇಕು, ನೋಡಿದ್ದನ್ನು ಕೇಳಿದ್ದನ್ನು ಬಾಯಿಬಿಟ್ಟು ಹೇಳಬೇಕು. ಉಳಿಯುವುದಿದ್ದರೆ ಹಾಗೆಯೇ ಉಳಿಯಬೇಕು. ಈಗ ನಮ್ಮ ಮಕ್ಕಳ ಎಲ್ಲರ ಕೈಯಲ್ಲೂ ಮೊಬೈಲು ಉಂಟು, ಅದರೊಳಗೆ ಕ್ಯಾಮರಾ ಉಂಟು. ಬಾಬುರಾಯರು ಎರಡು ವರ್ಷ ಒದ್ದಾಡಿ ಮಾಡಿದ್ದಕ್ಕಿಂತ ಅದು ಎಷ್ಟೋ ಮೇಲು. ನಮ್ಮ ವಾರ್ಡಿನಲ್ಲಿ ಪಾಡ್ದನ ಬಲ್ಲ ಮುದುಕಿಯರು ಇನ್ನೂ ಇಬ್ಬರು ಮೂವರು ಇದ್ದಾರೆ. ಈ ಪುಸ್ತಕ ಓದಿದ ಮಕ್ಕಳು ಯಾರಾದರೂ ಒಂದು ಸಂಜೆ ಅವರ ಜಗಲಿಗೆ ಹೋಗಿ ಕೂತರೆ ಆಯಿತು. ಕಂಗಿನ ಕೊಯ್ಲು ಮುಗಿದ ಮೇಲೆ ನಾನೂ ಬರುತ್ತೇನೆ.